ಅಜ್ಜಿ ಬರೆದ ‘ಹೌದು’

ಸಾನ್ವಿಯ ನೋಟುಬುಕ್ಕಿನಲ್ಲಿ ‘ಹೌದು’ಗಳು ಹೆಚ್ಚಾದಂತೆಲ್ಲ ಚಿನ್ಮಯಿಯ ಸಂಶಯವೂ ಹೆಚ್ಚುತ್ತ ಹೋಯಿತು.

ಮೂರು ತುಂಬಲು ಎರಡೇ ತಿಂಗಳು ಉಳಿದಿದ್ದ ಮಗಳು ಸಾನ್ವಿ ಇನ್ನೂ ಮಾತಾಡುತ್ತಿರಲಿಲ್ಲ. ವಾರಕ್ಕೆ ಮೂರು ದಿನ ರಾಯಾಪುರದ ಥೆರಪಿ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದರು. ಆಟಿಸಂ ಹೌದೋ ಅಲ್ಲವೋ ಎಂದು ಕೇಳಿದ್ದಕ್ಕೆ ಹುಬ್ಬಳ್ಳಿಯ ಡಾಕ್ಟರು, “ಇನ್ನೂ ಸಣ್ಣಾಕಿ ಅದಾಳ. ಆರು ತಿಂಗಳು ಮನ್ಯಾಗ ಏನೇನು ಮಾಡ್ತಾಳ ಬರದಿಡ್ರಿ, ಆಮ್ಯಾಲೆ ಹೇಳೋಣು” ಎಂದು ಕಳಿಸಿದ್ದರು. ಆ ಆರು ತಿಂಗಳು ಬರುವ ಸೋಮವಾರಕ್ಕೆ ಮುಗಿಯುತ್ತಿತ್ತು. ಹಗಲೆಲ್ಲ ಚಿನ್ಮಯಿ ವಿಮಾ ಕಚೇರಿಯಲ್ಲಿ, ಗಂಡ ಸೌರಭ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ. ಹಾಗಾಗಿ ಬರೆದಿಡುವ ಕೆಲಸ ಅತ್ತೆ ಕಾಶೀಬಾಯಿಯದು: ಬೇಕಾದ್ದು ತೋರಿಸಿದಳೇ, ಕರೆದರೆ ತಿರುಗಿದಳೇ ಎಂಬಂಥ ಪ್ರಶ್ನೆಗಳೆದುರು ದಿನವೂ ‘ಹೌದು’ ಅಥವಾ ‘ಇಲ್ಲ’.

ಮೂವತ್ತೆರಡು ವರ್ಷ ಕನ್ನಡ ಸಾಲೆಯಲ್ಲಿ ಪಾಠ ಹೇಳಿದವರು ಅವರು. ಅವರ ಕೈಯಲ್ಲಿ ಒಂದು ಮಗುವೂ ನಪಾಸಾಗಿರಲಿಲ್ಲ ಎಂಬುದು ಇಡೀ ಓಣಿಗೆ ಗೊತ್ತು. ಈಗ ಅದೇ ಚಿನ್ಮಯಿಯ ತಲೆಯಲ್ಲಿ ಹುಳವಾಗಿ ಕೂತಿತ್ತು.

ಗುರುವಾರ ಥೆರಪಿಸ್ಟ್ ಶಾಜಿಯಾ ಆ ನೋಟುಬುಕ್ಕು ಮುಚ್ಚುತ್ತ ಹೇಳಿದ್ದಳು: “ಇದರಾಗ ನೋಡಿದ್ರ ಹುಡುಗಿ ಬೇಕಾದ್ದು ತೋರಸ್ತಾಳ, ಹೆಸರು ಕರದ್ರ ತಿರುಗ್ತಾಳ. ನನ್ನ ಮುಂದ ಒಂದೂ ಇಲ್ಲ ನೋಡ್ರಿ. ಡಾಕ್ಟರು ಇದನ್ನೂ ಓದ್ತಾರ, ನನ್ನ ವರದೀನೂ ಓದ್ತಾರ. ಮತ್ತ ಆರು ತಿಂಗಳು ತಡೀರಿ ಅಂದ್ರ ಏನ್ ಮಾಡ್ತೀರಿ?”

ಮನೆಗೆ ಬರುವಷ್ಟರಲ್ಲಿ ಚಿನ್ಮಯಿ ಸಂಶಯಪಡದೆ ಯಾರನ್ನೂ ಬಿಟ್ಟಿರಲಿಲ್ಲ. ಶಾಜಿಯಾಗೆ ಮಗುವನ್ನು ಒಲಿಸಿಕೊಳ್ಳಲು ಬರುವುದಿಲ್ಲವೇನೋ. ಇಲ್ಲ, ತಾಯಿ-ಮಗ ಕೂಡಿ ಏನೋ ನಡೆಸಿದ್ದಾರೆ. ಮೊನ್ನೆ ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದವರು ತಾನು ಕಾಲಿಟ್ಟೊಡನೆ ಸಾರಿನ ಉಪ್ಪಿನ ಮಾತಿಗೆ ಹೊರಳಿದ್ದರಲ್ಲ!

ಶುಕ್ರವಾರ ಎಂದಿನಂತೆ ಚೀಲ ಹಾಕಿಕೊಂಡು ಹೊರಟಳು. ಕಚೇರಿಗೆ ಹೋಗಲಿಲ್ಲ. ಅರ್ಧ ತಾಸಿಗೆ ಹಿತ್ತಲಿನಿಂದ ಬಂದು ಅಡುಗೆಮನೆಯ ಪರದೆಯ ಹಿಂದೆ ನಿಂತಳು.

ಸಾನ್ವಿ ಅಜ್ಜಿಯ ಹತ್ತಿರ ಬಂದಳು. ಮುಖ ನೋಡಲಿಲ್ಲ. ಮಣಿಕಟ್ಟು ಹಿಡಿದು ಎಳೆದೊಯ್ದು, ಆ ಸುಕ್ಕುಗಟ್ಟಿದ ಕೈಯನ್ನೇ ಎತ್ತಿ ಚುರುಮುರಿ ಡಬ್ಬಿಯ ಮೇಲಿಟ್ಟಳು.

“ತೋರಿಸಿದ್ಯಾ? ಶಾಣ್ಯಾಕಿ ನನ್ನ ಕೂಸು!” ಕಾಶೀಬಾಯಿ ನೋಟುಬುಕ್ಕು ತೆಗೆದು ಮುದ್ದಾದ ಅಕ್ಷರದಲ್ಲಿ ‘ಹೌದು’ ಎಂದು ಬರೆದರು. ಆಮೇಲೆ “ಸಾನ್ವೀ” ಎಂದರು. ಮಗು ತಟ್ಟೆ ತಿರುಗಿಸುತ್ತಲೇ ಇತ್ತು. ಮತ್ತೆರಡು ಸಲ ಕರೆದರು. ಕೊನೆಗೆ ಬಾಗಿಲಿನತ್ತ ಒಮ್ಮೆ ನೋಡಿ, ಚಮಚದಿಂದ ಡಬ್ಬಿಯ ಮುಚ್ಚಳ ಬಡಿದರು. ಸಾನ್ವಿ ಥಟ್ಟನೆ ತಿರುಗಿದಳು. ಪೆನ್ನು ಮತ್ತೆ ಓಡಿತು.

“ಅದು ಡಬ್ಬಿಗೆ ತಿರುಗಿದ್ದು, ಅತ್ತ್ಯಾರ. ಹೆಸರಿಗಲ್ಲ.”

“ಅಯ್ಯ ಶಿವನ! ಕಳ್ಳರ ಗತೆ ನಿಂತೀಯಲ್ಲ, ಎದಿ ಒಡೀತು ನಂದು.”

“ಕಳ್ಳರನ್ನ ಹಿಡೀಲಿಕ್ಕೇ ನಿಂತಿದ್ದೆ ರೀ. ಸಾಲ್ಯಾಗ ಎಲ್ಲಾರನ್ನೂ ಪಾಸ್ ಮಾಡಿದ್ರಿ, ಛಲೋ ಆತು. ಇಕಿನ್ನ ಪಾಸ್ ಮಾಡಬ್ಯಾಡ್ರಿ. ಇಲ್ಲಿ ಪಾಸಾದ್ರ ಇಕಿಗೆ ಬೇಕಾದ ಚಿಕಿತ್ಸೆ ಸಿಗೂದಿಲ್ಲ.”

“ಕೈ ಹಿಡಿದು ಕರಕೊಂಡು ಹೋಗಿ ತೋರಸ್ತದ ಕೂಸು. ಅದು ತೋರಸೂದು ಅಲ್ಲೇನು?”

“ತನ್ನ ಬೆರಳು ಎತ್ತಬೇಕು ರೀ, ನಿಮ್ಮ ಮುಖ ನೋಡಬೇಕು. ಇಕಿ ನಿಮ್ಮ ಕೈಯನ್ನ ಕೋಲು ಮಾಡ್ಕೊಂಡಾಳ.”

ಕಾಶೀಬಾಯಿ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಎದ್ದು ಹೋಗಿ ಕಪಾಟಿನಿಂದ ಕೆಂಪು ಪೆನ್ನು ತಂದರು. ಮೊದಲ ಪುಟ ತೆರೆದು, ಒಂದೊಂದು ‘ಹೌದಿ’ನ ಕೆಳಗೂ ಬರೆಯುತ್ತ ಬಂದರು: ‘ನನ್ನ ಕೈಯಿಂದ’, ‘ಡಬ್ಬಿ ಬಡಿದಾಗ’.

“ಕೈಯಿಂದು ಖರೇನ ತಿಳೀಲಿಲ್ಲ ನನಗ,” ಎಂದರು ತಲೆ ಎತ್ತದೆ. “ಹೆಸರಿಂದು ಗೊತ್ತಿತ್ತು. ಗೊತ್ತಿದ್ದೇ ಬರದೆ.”

ಚಿನ್ಮಯಿ ಆ ಮಾತನ್ನೂ ಪೂರ್ತಿ ನಂಬಲಿಲ್ಲ. ಪಕ್ಕದಲ್ಲೇ ಕೂತು, ಒಂದು ಸಾಲೂ ತಪ್ಪಿಹೋಗದಂತೆ ಬೆರಳಿಟ್ಟು ಓದಿದಳು.

ಶ್ರಾವಣದ ಒಂದು ಪುಟದಲ್ಲಿ ಪೆನ್ನು ನಿಂತಿತು. ‘ಮಧ್ಯಾಹ್ನ ಅಮ್ಮಾ ಅಂದಳು — ಹೌದು.’

ಅದೊಂದು ಸಾಲನ್ನು ಚಿನ್ಮಯಿ ಎಂದೂ ಸಂಶಯಿಸಿರಲಿಲ್ಲ. ಮರುದಿನ ಕಚೇರಿಯಲ್ಲೆಲ್ಲ ಪೇಢೆ ಹಂಚಿದ್ದಳು. ಮಗಳು ತನ್ನೆದುರು ಒಮ್ಮೆಯೂ ಅನ್ನದಿದ್ದಾಗ, ತಾನಿಲ್ಲದ ಹೊತ್ತಿನಲ್ಲಿ ಅನ್ನುತ್ತಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

ಕಾಶೀಬಾಯಿ ಪೆನ್ನನ್ನು ಎತ್ತಿ ಹಿಡಿದೇ ಇದ್ದರು.

“ಇದು ಡಾಕ್ಟರಿಗಂತ ಬರದದ್ದಲ್ಲ,” ಎಂದರು. “ನಿನಗಂತ ಬರದದ್ದು.”

ಸಾನ್ವಿ ಬಂದು ಈ ಸಲ ತಾಯಿಯ ಮಣಿಕಟ್ಟು ಹಿಡಿದಳು. ಡಬ್ಬಿಯತ್ತ ಜಗ್ಗತೊಡಗಿದಳು.

“ತಡಿ ಪುಟ್ಟೀ, ಬಂದೆ,” ಎಂದ ಚಿನ್ಮಯಿ ಇನ್ನೊಂದು ಕೈ ಚಾಚಿ ಅತ್ತೆಯ ಪೆನ್ನು ತೆಗೆದುಕೊಂಡಳು. ಆ ಸಾಲಿನ ಮೇಲೆ ತಾನೇ ಗೆರೆ ಎಳೆದಳು. ಮಗು ಜಗ್ಗುತ್ತಿದ್ದುದರಿಂದ ಗೆರೆ ಸೊಟ್ಟಗೆ ಬಂತು.