ಕೈತುತ್ತಿಗೆ ಸೋತ ಚಮಚ

ನಾನು ಒಂದು ಸ್ಟೀಲ್ ಚಮಚ. ಹುಟ್ಟಿದಾಗ ಎಲ್ಲರಂತೆ ನೆಟ್ಟಗಿದ್ದೆ. ನನ್ನ ಜೊತೆ ಅಚ್ಚಿನಿಂದ ಬಿದ್ದವರೆಲ್ಲ ಹೋಟೆಲುಗಳ ಉಪ್ಪಿಟ್ಟು, ಕೇಸರಿಬಾತಿನ ಪಾಲಾದರು. ನಾನು ಆಸ್ಪತ್ರೆ ಸೇರಿದೆ. ಅಲ್ಲಿ ನನ್ನ ಕತ್ತು ಪಕ್ಕಕ್ಕೆ ಬಗ್ಗಿಸಿ, ಹಿಡಿಗೆ ಚರ್ಮದ ಪಟ್ಟಿ ಹೊಲಿದರು. ಬೆರಳು ಮಡಚಲಾಗದವರ ಅಂಗೈಗೆ ಕಟ್ಟುವ ಚಮಚವಾದೆ. ಸೊಟ್ಟ ಎಂದು ನಗಬೇಡಿ. ನೆಟ್ಟಗಿರುವವರಿಗೆ ಆಗದ ಕೆಲಸ ನನ್ನದು.

ನನ್ನನ್ನು ಕಟ್ಟಿಕೊಂಡವಳು ವನಜಾಕ್ಷಿ. ಗಂಡ ರೇವಣ್ಣನ ಸ್ಕೂಟರಿನ ಹಿಂದೆ ಕೂತಿದ್ದಾಗ ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದಳು. ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಯಿತು. ಕಾಲುಗಳ ಶಕ್ತಿ ಹೋಯಿತು. ಮೊಣಕೈ ಮಡಚುತ್ತಿತ್ತು, ಬೆರಳುಗಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ನನ್ನಿಂದ ಅವಳು ತಾನೇ ಉಣ್ಣುವಂತಾದಳು. ಆ ಮನೆಯಲ್ಲಿ ನನ್ನಷ್ಟು ಬೇಕಾದವರು ಯಾರಿದ್ದಾರೆ ಎಂದು ಬೀಗುತ್ತಿದ್ದೆ.

ನನ್ನ ಜಂಬ ಇಳಿಸಿದವಳು ಅವಳ ಮಗಳು, ಐದು ವರ್ಷದ ಸಿಂಚನ. ಒಂದು ಮಧ್ಯಾಹ್ನ ವನಜಾಕ್ಷಿ ನನ್ನಲ್ಲಿ ಅನ್ನ ತುಂಬಿ ಮಗುವಿನ ಬಾಯಿಗೆ ಒಯ್ದಳು. ಮಗು ತುಟಿ ಬಿಗಿದುಕೊಂಡಿತು.

"ಚಮಚ ಬ್ಯಾಡ. ಮೊದ್ಲು ಕೊಡ್ತಿದ್ಯಲ್ಲ, ಹಂಗೆ ಕೈತುತ್ತು ಕೊಡು."

ವನಜಾಕ್ಷಿ ಕೈ ಕೆಳಗಿಳಿಸಿದಳು. ಅನ್ನ ನನ್ನ ಮೇಲೆಯೇ ಆರಿ ಅಂಟಿಕೊಂಡಿತು. ಆ ಪುಟ್ಟ ಬಾಯಿಗೆ ತುತ್ತಿಡುವ ಆಸೆ ನನಗೆ ಹತ್ತಿದ್ದು ಅಂದೇ.

ಮೊಣಕೈ ಮಡಚುವ ಸ್ನಾಯುಗಳಲ್ಲಿ ಒಂದನ್ನು ಹೆಬ್ಬೆರಳಿಗೆ ಜೋಡಿಸಬಹುದು ಎಂದು ಡಾಕ್ಟರು ಹೇಳಿದರು. "ಹಿಡಿತ ಬರಬಹುದಮ್ಮ. ಆದ್ರೆ ಮುಟ್ಟಿದ್ದು ಗೊತ್ತಾಗೋದು ಇದರಿಂದ ಬರಲ್ಲ."

ರೇವಣ್ಣ ಹೆದರಿದ. "ಈಗ ಚಮಚದಲ್ಲಾದ್ರೂ ಉಣ್ತಿದೀಯ. ಇದ್ದಿದ್ದೂ ಹೋದ್ರೆ ಏನ್ ಮಾಡಾದು?"

"ಮಗು ಬಾಯಿ ಮುಚ್ಕೊಂಡಿದ್ದು ನೀವು ನೋಡ್ಲಿಲ್ವೇನ್ರೀ?" ಎಂದಳು ವನಜಾಕ್ಷಿ.

ಆಪರೇಷನ್ ಆಯಿತು. ಕೈಗೆ ಕಟ್ಟು ಹಾಕಿದ್ದಷ್ಟು ಕಾಲ ರೇವಣ್ಣನೇ ಉಣಿಸಿದ. ಕಟ್ಟು ಬಿಚ್ಚಿದ ಮೇಲೆ ವ್ಯಾಯಾಮ ಹೇಳಿಕೊಡುವ ಮೇಡಂ ಬಂದರು. "ಹೆಬ್ಬೆರಳು ಮಡಚಕ್ಕೆ ಹೋಗ್ಬೇಡಿ. ಮೊಣಕೈ ಮಡಚ್ತೀನಿ ಅಂದ್ಕೊಳ್ಳಿ, ಹೆಬ್ಬೆರಳು ತಾನೇ ಬರುತ್ತೆ." ಎಷ್ಟೋ ದಿನ ಅದು ಬರಲಿಲ್ಲ. ಕೊನೆಗೊಂದು ದಿನ ನಿಧಾನವಾಗಿ ಬಂದು ತೋರುಬೆರಳ ಪಕ್ಕಕ್ಕೆ ತಾಗಿತು. ವನಜಾಕ್ಷಿ ನಗುತ್ತ ಅತ್ತಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಮುಂದಿನ ಭಾನುವಾರ ತಟ್ಟೆಯ ಪಕ್ಕದಲ್ಲಿ ನಾನೂ ಇದ್ದೆ. ವನಜಾಕ್ಷಿ ಅನ್ನ ಸಾರು ಕಲಸಿದಳು. ಹಿಡಿದಿದ್ದರಲ್ಲಿ ಅರ್ಧ ಜಾರಿತು, ಉಳಿದದ್ದು ಮಗಳ ಬಾಯಿ ಮುಟ್ಟಿತು.

"ಅಮ್ಮಾ, ಸುಡ್ತೈತೆ!"

ವನಜಾಕ್ಷಿ ತನ್ನ ಕೈ ನೋಡಿಕೊಂಡಳು. ಬೆರಳುಗಳು ಕೆಂಪಗಾಗಿದ್ದವು, ಅವಳಿಗೆ ಗೊತ್ತೇ ಆಗಿರಲಿಲ್ಲ. ರೇವಣ್ಣ ಓಡಿಹೋಗಿ ತಣ್ಣೀರು ತಂದು ಕೈಗೆ ಸುರಿದ. ಅವಳ ಮುಖ ಬಾಡಿತು. "ಆ ಚಮಚನೇ ಕಟ್ಟಿ" ಎಂದಳು. ನನ್ನ ಪಟ್ಟಿಗೆ ಜೀವ ಬಂದಂತಾಯಿತು.

ಸಿಂಚನ ನನ್ನನ್ನು ಆಚೆ ತಳ್ಳಿದಳು. ಅಮ್ಮನ ಬೆರಳಿಗೆ ಉಫ್ ಎಂದು ಊದಿ, ತನ್ನ ಬೆರಳನ್ನು ಅನ್ನದೊಳಗೆ ಇಟ್ಟಳು. "ಇರು, ನಾನ್ ಮುಟ್ಟಿ ನೋಡಿ ಹೇಳ್ತೀನಿ." ಸ್ವಲ್ಪ ಹೊತ್ತು ಕಾದು, "ಈಗ ಆರೈತೆ, ಕೊಡಮ್ಮ" ಎಂದು ಬಾಯಿ ತೆರೆದಳು.

ಈಗ ವನಜಾಕ್ಷಿ ತಾನೂ ಕೈಯಲ್ಲೇ ಉಣ್ಣುತ್ತಾಳೆ, ನಾನು ಅಡುಗೆಮನೆಯ ಹಳೇ ಡಬ್ಬಿಯಲ್ಲಿದ್ದೇನೆ. ನನ್ನ ಚರ್ಮ ಬಿರುಕು ಬಿಟ್ಟಿದೆ. ಒಂದೇ ಒಂದು ಸಲ ಆ ಬಾಯಿ ನನಗೂ ತೆರೆದುಕೊಳ್ಳಬಾರದಿತ್ತೇ ಎಂಬ ಆಸೆ ಇನ್ನೂ ಹೋಗಿಲ್ಲ. ಊಟದ ಹೊತ್ತಿಗೆ "ಆರೈತೇನೇ?" ಎಂದು ಅಮ್ಮ ಕೇಳುವುದು, "ಹ್ಞೂಂ" ಎಂದು ಮಗಳು ಅನ್ನುವುದು ಕೇಳಿಸುತ್ತದೆ. ಆಮೇಲೆ ಒಂದು ಗಳಿಗೆ ಯಾರ ದನಿಯೂ ಇರುವುದಿಲ್ಲ. ತುತ್ತು ಬಾಯಿಗೆ ಹೋಯಿತೆಂದು ನನಗೆ ತಿಳಿಯುತ್ತದೆ.