ಹರಿದದ್ದೋ, ಹೊರಳಿದ್ದೋ

ಮಗ್ಗದ ಸದ್ದು ಶುರುವಾದರೆ ಬನಹಟ್ಟಿಯ ಗುರಪ್ಪನ ಬಾಯಿಗೆ ಶಿವನಾಮ ತಾನಾಗಿ ಬರುತ್ತಿತ್ತು. ಎರಡು ಸಾವಿರದ ಹನ್ನೆರಡರ ಆ ಶ್ರಾವಣದಲ್ಲಿ ಮಾತ್ರ ಲಾಳಿ ಓಡಿದರೂ ನಾಮ ನಡುವೆ ನಿಂತುಹೋಗುತ್ತಿತ್ತು. ಪುಣೆಯಿಂದ ರಜೆಗೆ ಬಂದ ಮಗಳು ಸಂಧ್ಯಾ ಎರಡು ದಿನದಿಂದ ಮಂಕಾಗಿ ಕೂತಿದ್ದಳು.

"ಏನಾತವ್ವಾ? ಯಾರರ ಏನರ ಅಂದ್ರೇನು?"

"ಯಾರೂ ಅಂದಿಲ್ಲಪ್ಪ. ನನ್ನ ಪುಡಿ ಕೆಟ್ಟೈತಂತ."

ಆಕೆಯ ಸಂಶೋಧನೆ ಪ್ರಷ್ಯನ್ ನೀಲಿ ಎಂಬ ಹಳೆಯ ಬಣ್ಣದ ದಾಯಾದಿ ಪುಡಿಯೊಂದರ ಮೇಲೆ. ವಿಪರೀತ ಚಳಿಯಲ್ಲಿಟ್ಟರೆ ಅದು ಅಯಸ್ಕಾಂತವಾಗುತ್ತದೆ. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದಳು.

ಕಂಡಿಕೆಗೆ ದಾರ ಸುತ್ತುತ್ತಿದ್ದ ಅಜ್ಜಿ ಕೆಂಪವ್ವ ಇಣುಕಿದಳು. "ಹೆಸರ ನೀಲಿ, ಬಣ್ಣ ಇಟ್ಟಂಗಿ! ಇಂಥಾದ್ದನ್ನ ನೀಲಿ ಅಂತ ಮಾರಿದ್ರ ಗಿರಾಕಿ ಸೀರಿ ನಮ್ಮ ಮಾರಿಗೇ ಒಗೀತಾನ."

"ನೀಲಿ ಬಳಗದ್ದು ಅಷ್ಟ ಆಯಿ, ನೀಲಿ ಅಲ್ಲ."

ಪ್ರಯೋಗಾಲಯದಲ್ಲಿ ಗಟ್ಟಿ ಲೋಹದ ಸಣ್ಣ ಕೊಳವೆಯೊಳಗೆ ಬಲವಾಗಿ ಒತ್ತಿದಾಗ ಪುಡಿಯ ಅಯಸ್ಕಾಂತ ಗುಣ ಬಹಳಷ್ಟು ಅಡಗಿತ್ತು. ಅದರೊಳಗೆ ಕಬ್ಬಿಣದ ಕಣ, ಕ್ರೋಮಿಯಂ ಕಣ. ಎರಡರ ನಡುವೆ ಇಂಗಾಲ, ಸಾರಜನಕ ಜೋಡಿಯ ಎಳೆ. ಒತ್ತಿದಾಗ ಆ ಎಳೆ ತುದಿ ಬದಲಿಸಿ ಹೊರಳುತ್ತದೆ, ಅದಕ್ಕೇ ಕಬ್ಬಿಣದ ಗುಣ ಅಡಗುತ್ತದೆ ಎಂದು ಸಂಧ್ಯಾಳ ನಂಬಿಕೆ. ಎಳೆಯೇ ಹರಿದು ಪುಡಿ ಹಾಳಾಗಿದೆ ಎಂದು ಆಕೆಯ ಗುರುಗಳ ಅನುಮಾನ. ಹಾಗಾಗಿದ್ದರೆ ಎರಡು ವರ್ಷದ ಕೆಲಸ ಮತ್ತೆ ಮೊದಲಿನಿಂದ.

ಗುರಪ್ಪ ಲಾಳಿ ನಿಲ್ಲಿಸಿದ. ಇದರಲ್ಲಿ ಅವನಿಗೆ ತಿಳಿದದ್ದು ಎಳೆ ಒಂದೇ.

"ಹರದೈತೋ ಹೊರಳೈತೋ ಅಂತ ಬಿಗಿ ಇದ್ದಾಗ ಹೇಳಾಕ ಆಗೂದಿಲ್ಲವ್ವ. ಬಿಗಿ ಬಿಟ್ಟು ನೋಡಬೇಕು. ಹೊರಳಿದ್ದು ತನ್ನ ಜಾಗಾಕ ಬರತೈತಿ, ಹರದದ್ದು ಬರೂದಿಲ್ಲ. ಒತ್ತೂದು ಬಿಟ್ಟ ಮ್ಯಾಲ ಏನಾತು?"

"ನೋಡಿಲ್ಲಪ್ಪ. ಅದನ್ನ ಚೆಲ್ಲಿ ಹೊಸಾದು ತಗೋ ಅಂದ್ರು ಸರ್."

"ಚೆಲ್ಲಿದಿ?"

ಸಂಧ್ಯಾ ನಾಚಿದಳು. "ಇಲ್ಲ. ಕಾಗದದಾಗ ಕಟ್ಟಿ ಅಲ್ಲೇ ಡಬ್ಬ್ಯಾಗ ಇಟ್ಟೇನಿ. ಜಿಪುಣಿ ಅಂತ ಎಲ್ಲಾರೂ ನಗತಾರ. ಏನ್ ಮಾಡ್ಲಿ, ಕೈ ಬರಲಿಲ್ಲ."

ಕೈ ಹೇಗೆ ಬಂದೀತು? ಆ ಮನೆಯಲ್ಲಿ ಗೇಣುದ್ದದ ತುಂಡು ದಾರವೂ ಗೋಡೆಯ ಮೊಳೆ ಸೇರುತ್ತಿತ್ತು. ಎಸೆದವರಿಗೆ ಕೆಂಪವ್ವ ಅವತ್ತು ಮಜ್ಜಿಗೆ ಬಡಿಸುತ್ತಿರಲಿಲ್ಲ.

ಸಂಧ್ಯಾ ಕೂಡಲೇ ಪ್ರಯೋಗಾಲಯದ ಗೆಳತಿ ಪ್ರತಿಮಾಳಿಗೆ ಫೋನ್ ಹಚ್ಚಿದಳು. ಡಬ್ಬಿಯ ಪುಡಿಯನ್ನು ಒತ್ತದೆ, ಹಾಗೇ ಚಳಿಯಲ್ಲಿಟ್ಟು ಅದರ ಅಯಸ್ಕಾಂತ ಗುಣ ಅಳೆಯಲು ಹೇಳಿದಳು. ಯಂತ್ರ ಸಿಗುವುದು ಬುಧವಾರಕ್ಕೆ ಎಂದಳು ಪ್ರತಿಮಾ.

ಅಲ್ಲಿಯವರೆಗೆ ಗುರಪ್ಪ ದಿನವೂ ವಿಭೂತಿ ಹಚ್ಚಿಕೊಂಡು, ತಾನೆಂದೂ ಕಾಣಲಾರದ ಆ ಎಳೆಗಾಗಿ ಬೇಡಿಕೊಂಡ. ಅಷ್ಟು ಸಣ್ಣದನ್ನು ನೇಯ್ದವನು ಅದನ್ನು ಮರೆತಿರಲಾರ ಎಂದು ಅವನ ಭರವಸೆ.

ಬುಧವಾರ ಸಂಜೆ ಫೋನ್ ಬಂತು. ಸಂಧ್ಯಾ "ಖರೆ? ಖರೆ?" ಎನ್ನುತ್ತ ಅಂಗಳದಲ್ಲಿ ಎರಡು ಸುತ್ತು ಹಾಕಿದಳು.

"ತಿರುಗಿ ಬಂದೈತಪ್ಪ! ಹೆಚ್ಚುಕಡಿಮಿ ಮೊದಲಿನಷ್ಟ!"

"ಹಂಗಾರ ಹೊರಳಿದ್ದ."

"ಹೊರಳಿದ್ದಕ್ಕ ಇನ್ನೂ ಪುರಾವೆ ಬೇಕು. ಕೆಟ್ಟಿಲ್ಲ ಅನ್ನೂದಂತೂ ಖರೆ. ಸರ್ ನಾಳೀನ ಬಾ ಅಂದಾರಂತ. ಅದನ್ನ ಮತ್ತ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ನೋಡಬೇಕಂತ."

"ಪಾಪ ಅದು! ಒಂದೀಟು ಆರಾಮ ಕುಂಡ್ರಾಕರ ಬಿಡ್ರಿ," ಎಂದಳು ಕೆಂಪವ್ವ.

ಸಂಧ್ಯಾ ಅಜ್ಜಿಯ ಗಲ್ಲ ಹಿಂಡಿ, ಚೀಲ ಕಟ್ಟಲು ಒಳಗೆ ಓಡಿದಳು.