ಪೈಪಮ್ಮ ತಡೆದ ಐಸ್‌ಕ್ರೀಮ್ ಲೋಡು

ಕೆಲಸ ಮುಗಿದ ಮೇಲೆ ನೆಲ ತೊಳೆಯುವುದೆಂದರೆ ಯಾರಿಗೆ ಇಷ್ಟ ಹೇಳಿ? ಮನೆಯಾಗಲಿ, ಹೋಟೆಲಾಗಲಿ, ಆ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತದೆ. "ಸಾಕು ಬಿಡು, ನಾಳೆ ನೋಡೋಣ" ಅನ್ನಿಸುತ್ತದೆ. ಆದರೆ ಮಹಿಳಾ ಸಂಘದವರು ನಡೆಸುವ ಐಸ್‌ಕ್ರೀಮ್ ಘಟಕದಲ್ಲಿ ಒಬ್ಬರಿದ್ದರು. ನೆಲ ತೊಳೆಯುವುದರಲ್ಲಿ ಎತ್ತಿದ ಕೈ.

ಮೋಟರ್ ಹಾಕಿಸಿ, ಸೆರಗು ಸಿಕ್ಕಿಸಿ, ದಪ್ಪ ಪೈಪು ಹಿಡಿದು ನಿಂತರೆಂದರೆ ಅವರೆದುರು ಯಾರೂ ಸುಳಿಯುವ ಹಾಗಿಲ್ಲ. ನೀರು ಭರ್ರೆಂದು ಹೋಗಿ ಮೂಲೆಯ ಚರಂಡಿ ಜಾಲರಿಗೆ ಬಡಿಯಬೇಕು, ಅಲ್ಲಿನ ಜಿಡ್ಡೆಲ್ಲ ಎದ್ದು ಹಾರಬೇಕು. ಅದಕ್ಕೇ ಎಲ್ಲರೂ ಅವರನ್ನು ಪೈಪಮ್ಮ ಅನ್ನುತ್ತಿದ್ದರು. ಮೊದಲು ಬೆನ್ನ ಹಿಂದೆ ಅಂದರು, ಆಮೇಲೆ ಮುಖಕ್ಕೇ ಅಂದರು. ಪೈಪಮ್ಮನಿಗೆ ಆ ಹೆಸರೆಂದರೆ ಒಳಗೊಳಗೇ ಜಂಬ.

ಅವರ ಸೊಸೆಯದೂ ಅಲ್ಲೇ ಕೆಲಸ. ಹಾಲು ಕಾಯಿಸುವುದು, ಅದರ ಬಿಸಿ ಅಳೆಯುವುದು ಅವಳ ಪಾಲು. ಹೆರಿಗೆ ಆಸ್ಪತ್ರೆಯೊಂದರಿಂದ ಸಂಘಕ್ಕೆ ದೊಡ್ಡ ಆರ್ಡರ್ ಬಂದಾಗ, ರೋಗಾಣು ಪತ್ತೆ ಮಾಡುವ ತರಬೇತಿಗೆ ಅವಳನ್ನೇ ಕಳಿಸಿದ್ದರು. ತರಬೇತಿ ಮುಗಿಸಿ ಬಂದವಳೇ ಉದ್ದನೆಯ ಹತ್ತಿ ಕಡ್ಡಿ ಹಿಡಿದು ಯಂತ್ರದ ಮೂತಿ, ಮೇಜಿನ ಅಂಚು, ಚರಂಡಿಯ ಬಾಯಿ ಎಲ್ಲವನ್ನೂ ಒರೆಸತೊಡಗಿದಳು. ಅದೂ ಪೈಪಮ್ಮ ತೊಳೆದು ಮುಗಿಸಿದ ಮೇಲೆ!

"ಏನೇ ಅದು, ನೆಲಕ್ಕೆ ಕಿವಿ ಕ್ಲೀನ್ ಮಾಡ್ತಿದ್ದೀಯಾ?"

"ರೋಗಾಣು ಇದೆಯಾ ಅಂತ ನೋಡ್ತಿದ್ದೀನಿ ಅತ್ತೆ. ಈ ಕಡ್ಡಿಗಳನ್ನ ಲ್ಯಾಬಿಗೆ ಕಳಿಸಬೇಕು."

"ನಾನು ತೊಳೆದ ನೆಲದಲ್ಲಿ ರೋಗಾಣು? ಬೇಕಾದ್ರೆ ಅದರ ಮೇಲೇ ಬಡಿಸು, ತಟ್ಟೆ ಇಲ್ಲದೆ ಉಣ್ತೀನಿ!"

ಸುತ್ತಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸೊಸೆಯೂ ನಕ್ಕಳು. ಆದರೆ ಒರೆಸುವುದನ್ನು ಬಿಡಲಿಲ್ಲ.

ಆಸ್ಪತ್ರೆಯ ಮೊದಲ ಲೋಡು ಶೀತಕೋಣೆಯಲ್ಲಿ ಸಿದ್ಧವಾಗಿ ಕೂತಿದ್ದಾಗಲೇ ಲ್ಯಾಬಿನಿಂದ ಫೋನ್ ಬಂತು. ಸೊಸೆಯ ಮುಖ ಬಿಳಿಚಿಕೊಂಡಿತು. ಚರಂಡಿಯಲ್ಲಿ ಲಿಸ್ಟೀರಿಯಾ ಎಂಬ ರೋಗಾಣು ಸಿಕ್ಕಿತ್ತು. ಕಪ್ಪಿಗೆ ಐಸ್‌ಕ್ರೀಮ್ ತುಂಬುವ ಯಂತ್ರದ ಮೂತಿಯಲ್ಲೂ ಸಿಕ್ಕಿತ್ತು.

ಪೈಪಮ್ಮ ಒಪ್ಪುತ್ತಾರೆಯೇ? "ಹಾಲು ಚೆನ್ನಾಗಿ ಕಾಯಿಸೇ ಮಾಡ್ತೀವಲ್ಲ? ಯಾವ ರೋಗಾಣು ಉಳಿಯುತ್ತೆ?"

"ಕಾಯಿಸಿದಾಗ ಸಾಯುತ್ತೆ ಅತ್ತೆ. ಆದ್ರೆ ಕಾಯಿಸಿದ ಮೇಲೆ ಆ ಹಾಲು ಇದೇ ಮೂತಿಯಿಂದ ತಾನೇ ಕಪ್ಪಿಗೆ ಬೀಳೋದು? ಅಲ್ಲಿ ಅಂಟಿಕೊಂಡ್ರೆ ಮುಗೀತು. ಮತ್ತೆ ಯಾರು ಕಾಯಿಸ್ತಾರೆ?"

"ಅಂಥಾ ಕೊರೆಯೋ ಚಳೀಲಿ ಬದುಕುತ್ತೇನೇ ಅದು?"

"ಇದು ಭಾರಿ ಗಟ್ಟಿಪಿಂಡ. ಫ್ರಿಜ್ಜಿನ ತಂಪಲ್ಲಿ ಬೆಳೆಯುತ್ತೆ. ಹೆಪ್ಪುಗಟ್ಟಿದ ಐಸ್‌ಕ್ರೀಮಲ್ಲಿ ಬೆಳೆಯಲ್ಲ, ಆದ್ರೆ ಸಾಯೋದೂ ಇಲ್ಲ. ಗಟ್ಟಿಮುಟ್ಟಾಗಿರೋರಿಗೆ ಒಂದು ಜ್ವರ ಬಂದು ಹೋಗಬಹುದು. ವಯಸ್ಸಾದೋರಿಗೆ ಕಷ್ಟ. ಬಸುರಿಯರಿಗೆ ಬಂದ್ರೆ ಹೊಟ್ಟೇಲಿರೋ ಮಗೂಗೇ ಕುತ್ತು."

ಪೈಪಮ್ಮ ಶೀತಕೋಣೆಯ ಕಡೆ ನೋಡಿದರು. ಲೋಡು ಹೋಗಬೇಕಾದದ್ದು ಹೆರಿಗೆ ವಾರ್ಡಿಗೆ. ಆದರೂ ಸೋಲೊಪ್ಪುವ ಜಾಯಮಾನ ಅವರದಲ್ಲ. "ಚರಂಡಿ ಆ ಮೂಲೇಲಿದೆ, ಯಂತ್ರ ಈ ಮೂಲೇಲಿದೆ. ನಿನ್ನ ರೋಗಾಣುಗೇನು ರೆಕ್ಕೆ ಬಂತಾ?"

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಅತ್ತೆ, ನೋಡೇಬಿಡೋಣ."

ಸೊಸೆ ಯಂತ್ರವನ್ನೆಲ್ಲ ನಿಲ್ಲಿಸಿ, ಅದರ ಸುತ್ತ ಬಿಳಿ ಕಾಗದ ಅಂಟಿಸಿದಳು. ಚರಂಡಿಯೊಳಗೆ ಸ್ಟ್ರಾಬೆರಿ ಐಸ್‌ಕ್ರೀಮಿಗೆ ಹಾಕುವ ಕೆಂಪು ಬಣ್ಣ ಸುರಿದಳು. "ಈಗ ದಿನಾ ತೊಳೆಯೋ ಹಾಗೇ ತೊಳೀರಿ" ಎಂದಳು.

ಪೈಪಮ್ಮ ಪೈಪು ಎತ್ತಿಕೊಂಡರು. ನಾಲ್ಕು ಜನ ನೋಡುತ್ತಿದ್ದಾರೆಂದು ಆವತ್ತು ಇನ್ನಷ್ಟು ಜೋರಾಗಿಯೇ ನೀರು ಹಾರಿಸಿದರು. ನೆಲ ಕನ್ನಡಿಯಾಯಿತು. ಪೈಪು ಕೆಳಗಿಟ್ಟು, ಗೆದ್ದವರ ಹಾಗೆ ಕೈ ಒರೆಸಿಕೊಳ್ಳುತ್ತ ಯಂತ್ರದ ಹತ್ತಿರ ಬಂದರು.

ಕಾಗದದ ತುಂಬ ಕೆಂಪು ಚುಕ್ಕಿ! ಮೇಜಿನ ಬಳಿ ಅಂಟಿಸಿದ್ದರ ಮೇಲೆ, ಮುಚ್ಚಳದ ಮೇಲೆ, ತುಂಬುವ ಮೂತಿಗೆ ಸುತ್ತಿದ್ದ ಕಾಗದದ ಮೇಲೂ ಸಣ್ಣಗೆ ಸಿಡಿದ ಕೆಂಪು. ನೀರಿನ ರಭಸಕ್ಕೆ ಚರಂಡಿಯ ಹೊಲಸು ಹನಿಹನಿಯಾಗಿ ಮೇಲೆದ್ದು ಇಡೀ ಕೋಣೆಗೆ ಹಾರಿತ್ತು. ದಿನವೂ ಹಾಗೇ ಹಾರುತ್ತಿತ್ತು. ಬಣ್ಣವಿಲ್ಲದ್ದರಿಂದ ಯಾರಿಗೂ ಕಂಡಿರಲಿಲ್ಲ, ಅಷ್ಟೇ.

ಈ ಸಲ ಯಾರೂ ನಗಲಿಲ್ಲ.

"ಅಯ್ಯೋ ದೇವರೇ, ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಅನ್ನೋ ಹಾಗಾಯ್ತಲ್ಲೇ" ಅಂದರು ಪೈಪಮ್ಮ. ಇಷ್ಟು ವರ್ಷ ಯಾವ ಕೈ ನೋಡಿ ಬೀಗಿದ್ದರೋ ಅದೇ ಕೈ ಮೋಸ ಮಾಡಿತ್ತು. ಅವರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

"ನೀವು ಕೊಳಕು ಬಿಟ್ಟಿದ್ದಲ್ಲ ಅತ್ತೆ. ನಿಮ್ಮಷ್ಟು ಬೆವರು ಸುರಿಸಿ ತೊಳೆಯೋರು ಇನ್ನೊಬ್ಬರಿಲ್ಲ. ತೊಳೆಯೋ ದಾರಿ ತಪ್ಪಿತ್ತು, ಅದನ್ನ ಬದಲಾಯಿಸೋಣ."

ಅಷ್ಟರಲ್ಲಿ ಸಂಘದ ಅಧ್ಯಕ್ಷೆ ಓಡಿಬಂದರು. ಲಾರಿಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದ. "ಏನ್ ಮಾಡೋದೀಗ? ಮೂತೀಲಿ ಸಿಕ್ಕಿದ ಮಾತ್ರಕ್ಕೆ ಐಸ್‌ಕ್ರೀಮಲ್ಲೂ ಇರಲೇಬೇಕು ಅಂತೇನಿಲ್ಲವಲ್ಲ? ಮೊದಲನೇ ಲೋಡೇ ತಪ್ಪಿಸಿದ್ರೆ ನಮ್ಮ ಹೆಸರು ಏನಾಗಬೇಕು?"

ಸೊಸೆ ಬಾಯಿ ತೆರೆಯುವ ಮೊದಲೇ ಪೈಪಮ್ಮ ಶೀತಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಇಲ್ಲ ಅಂತ ಗೊತ್ತಾಗೋವರೆಗೂ ಒಂದು ಕಪ್ಪೂ ಹೊರಗೆ ಹೋಗಕೂಡದು ಕಣಮ್ಮ. ಯಾರದೋ ಮಗಳು, ತುಂಬಿದ ಬಸುರಿ, ನಮ್ಮನ್ನ ನಂಬಿ ತಿಂತಾಳೆ. ಆಸ್ಪತ್ರೆಯೋರಿಗೆ ಫೋನ್ ಹಚ್ಚಿ, ನಾನೇ ಮಾತಾಡ್ತೀನಿ. ತೊಳೆದ ಕೈ ನಂದು, ಹೇಳೋ ಬಾಯೂ ನಂದೇ ಇರಲಿ."

ಹೇಳಿಯೂಬಿಟ್ಟರು. ಒಂದು ಮಾತೂ ಮುಚ್ಚಿಡಲಿಲ್ಲ. ಆಚೆ ಕಡೆ ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ ಎಲ್ಲವನ್ನೂ ಬರೆದುಕೊಂಡರು. ಆಮೇಲೆ, "ಪರೀಕ್ಷೆ ಮುಗಿಸಿಯೇ ಕಳಿಸಿ, ಕಾಯ್ತೀವಿ" ಅಂದರು.

ಲೋಡಿನ ಕಪ್ಪುಗಳೂ ಲ್ಯಾಬಿಗೆ ಹೋದವು. ಕೆಲವು ಕಪ್ಪುಗಳಲ್ಲಿ ರೋಗಾಣು ಇದ್ದೇ ಇತ್ತು! ಅಧ್ಯಕ್ಷೆ ಪೈಪಮ್ಮನ ಎರಡೂ ಕೈ ಹಿಡಿದು ಅತ್ತುಬಿಟ್ಟರು. ಇಡೀ ಲೋಡನ್ನು ನಾಶ ಮಾಡಿದರು.

ಅಂದಿನಿಂದ ಚರಂಡಿಗೆ ಜೋರು ನೀರು ಬಿಡುವುದು ನಿಂತಿತು. ಚರಂಡಿಗೆಂದೇ ಒಂದು ಬ್ರಷ್ಷು ಬಂತು, ಅದು ಬೇರೆಲ್ಲೂ ಹೋಗುವಂತಿಲ್ಲ. ಯಂತ್ರದ ಮೂತಿಯನ್ನು ಬಿಡಿಬಿಡಿಯಾಗಿ ಕಳಚಿ, ಸೋಪು ಹಾಕಿ ಉಜ್ಜಿ, ರೋಗಾಣು ಕೊಲ್ಲುವ ದ್ರಾವಣದಲ್ಲಿ ಅದ್ದಿ, ಪೂರ್ತಿ ಒಣಗಿಸುತ್ತಾರೆ. ನೆಲವೂ ಒಣಗಬೇಕು, ಒದ್ದೆ ಜಾಗವೆಂದರೆ ಈ ರೋಗಾಣುವಿಗೆ ತವರುಮನೆ. ಇದಕ್ಕೆಲ್ಲ ಈಗ ಪೈಪಮ್ಮನೇ ಯಜಮಾನಿ. ಸೊಸೆ ಕಡ್ಡಿ ಹಿಡಿದು ಬಂದರೆ, "ಅಲ್ಲಲ್ಲ, ಆ ಸಂದೀಲಿ ಒರೆಸು, ಕಳ್ಳ ಅಲ್ಲೇ ಕೂತಿರ್ತಾನೆ" ಎಂದು ತಾವೇ ತೋರಿಸುತ್ತಾರೆ. ಒಂದಾದ ಮೇಲೊಂದು ಪರೀಕ್ಷೆ, ಎಲ್ಲೂ ರೋಗಾಣುವಿನ ಸುಳಿವಿಲ್ಲ ಎಂದು ಬಂದ ಮೇಲೆಯೇ ಆಸ್ಪತ್ರೆಗೆ ಐಸ್‌ಕ್ರೀಮ್ ಹೋಯಿತು.

ಸುದ್ದಿ ಬೀದಿಗೆ ಬೀಳದೆ ಇರುತ್ತದೆಯೇ? ಒಂದು ದಿನ ಎದುರು ಬೇಕರಿಯವನು ಗಿರಾಕಿಗಳ ಮುಂದೆಯೇ ಕೆಣಕಿದ: "ಏನು ಪೈಪಮ್ಮ, ನಿಮ್ಮ ಘಟಕದಲ್ಲಿ ರೋಗಾಣು ಸಿಕ್ತಂತೆ?"

ಪೈಪಮ್ಮ ತಲೆ ತಗ್ಗಿಸಲಿಲ್ಲ. ಸೆರಗು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದರು: "ಹೌದಪ್ಪ, ಸಿಕ್ತು! ಹುಡುಕಿದ್ವಿ, ಅದಕ್ಕೇ ಸಿಕ್ತು. ಸಿಕ್ಕಿದ್ದನ್ನ ಮುಚ್ಚಿಡದೆ ಲೋಡು ತಡೆದ್ವಿ. ನಿನ್ನ ಬೇಕರೀಲಿ ಸಿಕ್ಕಿಲ್ಲ, ಅಲ್ವಾ? ಯಾವತ್ತಾದ್ರೂ ಹುಡುಕಿದ್ದೀಯಾ?"

ಬೇಕರಿಯವನು ತಿರುಗಿ ಬನ್ನು ಕಟ್ಟತೊಡಗಿದ. ಗಿರಾಕಿಗಳು ಹೋದ ಮೇಲೆ ಮೆಲ್ಲಗೆ ರಸ್ತೆ ದಾಟಿ ಬಂದ. "ಅಮ್ಮಾ, ನಿಮ್ಮ ಸೊಸೇನ ಒಂದ್ಸಲ ನಮ್ಮ ಕ್ರೀಮ್ ಕೋಣೆಗೂ ಕಳಿಸ್ತೀರಾ?"

"ಅವಳೊಬ್ಬಳೇ ಯಾಕೆ? ನಡಿ, ನಾನೂ ಬರ್ತೀನಿ" ಅಂದರು ಪೈಪಮ್ಮ.

ತಿನ್ನುವುದನ್ನು ತಯಾರಿಸಿ ಮಾರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆಲಸದ ಕೋಣೆಯೂ ಫಳಫಳ ಹೊಳೆಯುತ್ತಿರಬಹುದು. ಹೊಳೆದ ಮಾತ್ರಕ್ಕೆ ನಂಬಬೇಡಿ, ಪರೀಕ್ಷೆ ಮಾಡಿಸಿ. ರೋಗಾಣು ಸಿಕ್ಕಿದರೆ ಹೆದರಬೇಡಿ, ಮಾಲು ತಡೆಯಿರಿ, ಕೊಳ್ಳುವವರಿಗೆ ನಿಜ ಹೇಳಿ, ಮೂಲ ಹುಡುಕಿ ಸರಿಪಡಿಸಿ. ಇವತ್ತು ಕೆಲಸ ಮುಗಿಸಿ ನೆಲ ತೊಳೆಯುವ ಮುನ್ನ ಚರಂಡಿಯ ಕಡೆ ಒಮ್ಮೆ ನೋಡಿ, ಪೈಪು ಕೆಳಗಿಡಿ, ಬ್ರಷ್ಷು ತೆಗೆದುಕೊಳ್ಳಿ.